ಕೇಶವಚಂದ್ರ ಸೇನರೂ ವಿವಾಹದ ಕಾಯದೆಯೂ

ವಿವಾಹವು ಸಂಸ್ಕಾರವೋ ಕರಾರೋ, ಅದಕ್ಕೆ ಸಾಕ್ಷಿಯಾಗಬೇಕಾದವನು ಅಗ್ನಿಯೋ ಸರಕಾರದ ರಜಿಸ್ಟ್ರಾರನೋ ಎಂಬ ವಾದವು ನಮ್ಮ ದೇಶದಲ್ಲಿ ಒಂದೂವರೆ ಶತಮಾನದಿಂದ ನಡೆದುಬಂದಿದೆ. ಶಾಸ್ತ್ರಿಗಳು ಒಂದು ಬದಿಗೆ, ವಕೀಲರು ಇನ್ನೊಂದು ಬದಿಗೆ ನಿಂತು ಮಾಡಿದ ಈ ವಾದದಲ್ಲಿ ಪಾಂಡಿತ್ಯಕ್ಕೇನೂ ಕೊರತೆಯಾಗಿಲ್ಲ. ಆದರೆ ಈ ಪ್ರಶ್ನೆಯನ್ನು ಮೊದಲು ಸರಕಾರದ ಬಾಗಿಲಿಗೊಯ್ದು ಕಾಯದೆಯನ್ನು ಮಾಡಿಸಿ, ಆರು ವರ್ಷ ತುಂಬುವುದರೊಳಗಾಗಿ ಅದೇ ಪ್ರಶ್ನೆಯನ್ನು ಸ್ವಂತ ಮಗಳ ವಿವಾಹಮಂಟಪದಲ್ಲಿ ಎದುರಿಸಿ ಅಲ್ಲಿ ಎಡವಿದ ಪುರುಷನೊಬ್ಬನ ಚರಿತ್ರೆಯು ಎಷ್ಟೋ ವಾದಗಳಿಗಿಂತ ಹೆಚ್ಚು ಬೋಧಪ್ರದವಾಗಿದೆ. ಆ ಪುರುಷನು ಬಂಗಾಲದ ಬ್ರಹ್ಮಾನಂದ ಕೇಶವಚಂದ್ರ ಸೇನರು. ಅವರ ವಾಗ್ವೈಭವವನ್ನೂ ಭಕ್ತಿಯನ್ನೂ ಕುರಿತು ನಮ್ಮ ವಾಚಕರು ಅನೇಕ ಸಲ ಓದಿರಬಹುದು. ಇಲ್ಲಿ ನಾವು ಅವರನ್ನು ವಿವಾಹದ ಪ್ರಶ್ನೆಯ ಸಂಬಂಧವಾಗಿಯೇ ನೆನೆಯಬೇಕೆಂದಿರುವೆವು.

ಕೇಶವಚಂದ್ರರು 1838 ನೆಯ ಇಸವಿ ನವೆಂಬರ 19 ರಂದು ಕಲಕತ್ತೆಯ ಕಲುಟೋಲಾ ಎಂಬ ಕೇರಿಯಲ್ಲಿ, ವೈದ್ಯಜಾತಿಯ ಸಿರಿವಂತ ಮನೆತನದಲ್ಲಿ ಹುಟ್ಟಿದರು. ಅವರ ಅಜ್ಜ ರಾಮಕಮಲ ಸೇನರು ಬೆಂಗಾಲ ಬ್ಯಾಂಕಿನ ದಿವಾನರಾಗಿದ್ದವರು, ಏಶಿಯಾಟಿಕ್ ಸೊಸಾಯಿಟಿಯ ಕಾರ್ಯದರ್ಶಿಗಳಾಗಿದ್ದವರು, ಇಂಗ್ಲಿಷ್-ಬಂಗಾಲಿ ಕೋಶವೊಂದನ್ನು ರಚಿಸಿದವರು. ಹೊರಗೆ ದೊರೆಗಳ ಒಡನಾಟ. ಮನೆಯೊಳಗೆ ಮಾತ್ರ ನಿಷ್ಠಾವಂತ ವೈಷ್ಣವಾಚಾರ. ತಂದೆ ಪ್ಯಾರೀಮೋಹನರು ಕೇಶವಚಂದ್ರರಿಗೆ ಹತ್ತು ವರ್ಷವಾದಾಗಲೇ ತೀರಿಕೊಂಡದ್ದರಿಂದ ಬಾಲಕನು ದೊಡ್ಡಪ್ಪನ ಆಡಳಿತದಲ್ಲಿ ಬೆಳೆಯಬೇಕಾಯಿತು. ಹಿಂದೂ ಕಾಲೇಜಿನಲ್ಲಿ ವಿದ್ಯಾಭ್ಯಾಸವು ನಡೆಯಿತು. 1856 ರಲ್ಲಿ, ಇನ್ನೂ ಹದಿನೆಂಟು ತುಂಬದ ಈ ಹುಡುಗನಿಗೆ ಹಿರಿಯರು ಕುಲಾಚಾರದಂತೆ ಮದುವೆಮಾಡಿದರು. ವಧು ಜಗನ್ಮೋಹಿನಿಗೆ ಆಗ ಒಂಬತ್ತು-ಹತ್ತು ವರ್ಷ ವಯಸ್ಸು. ವೈರಾಗ್ಯದ ಹುಚ್ಚು ಹಿಡಿದಿದ್ದ ವರನು ಮುಂದೆ ಕೆಲವು ವರ್ಷ ಹೆಂಡತಿಯೊಡನೆ ಸಂಭಾಷಣೆಯನ್ನೂ ಹೆಚ್ಚಾಗಿ ಇಟ್ಟುಕೊಂಡಿರಲಿಲ್ಲ. ಬಾಲ್ಯವಿವಾಹದ ಮೇಲೆ ಕೇಶವಚಂದ್ರರು ಮುಂದೆ ಹೂಡಿದ ಯುದ್ಧಕ್ಕೆ ಪುಸ್ತಕಗಳಿಗಿಂತ ಈ ಸ್ವಾನುಭವವೇ ಮೂಲವಾಗಿದ್ದಿರಬೇಕೆಂದು ನಮಗೆ ತೋರುತ್ತದೆ.

1857 ರಲ್ಲಿ ಅವರು ಬ್ರಹ್ಮಸಮಾಜವನ್ನು ಸೇರಿದರು. ರಾಜಾ ರಾಮಮೋಹನರಾಯರು ನೆಟ್ಟ ಆ ಸಸಿಗೆ ಮಹರ್ಷಿ ದೇವೇಂದ್ರನಾಥ ಠಾಕೂರರು ನೀರೆರೆಯುತ್ತಿದ್ದ ಕಾಲವದು. ಮಹರ್ಷಿಗಳಿಗೆ ಈ ತರುಣನ ಮೇಲೆ ಪುತ್ರವಾತ್ಸಲ್ಯವುಂಟಾಯಿತು. 1859 ರಲ್ಲಿ ತಮ್ಮೊಡನೆ ಸಿಂಹಳದ್ವೀಪಕ್ಕೆ ಕರೆದುಕೊಂಡು ಹೋದರು. ಅಜ್ಜನು ದಿವಾನನಾಗಿದ್ದ ಬ್ಯಾಂಕಿನಲ್ಲಿಯೇ ಕೇಶವಚಂದ್ರರು ಕೆಲವು ಕಾಲ ಕಾರಕೂನರಾಗಿ ದುಡಿದು, 1861 ರಲ್ಲಿ ಆ ನೌಕರಿಗೆ ಶರಣುಹೊಡೆದು ಧರ್ಮಕಾರ್ಯಕ್ಕೆ ಇಳಿದರು. ಮರುವರ್ಷ ಬಂಗಾಲದ ಹೊಸವರ್ಷದ ದಿನ ಅವರಿಗೆ ಆಚಾರ್ಯಪದವಿಯನ್ನು ಕೊಡುವುದೆಂದು ನಿಶ್ಚಯವಾಯಿತು. ಆ ಸಮಾರಂಭಕ್ಕೆ ಹೆಂಡತಿಯನ್ನು ಕರೆದುಕೊಂಡು ಹೋಗಬೇಕೆಂದು ಕೇಶವಚಂದ್ರರ ಹಟ. ಪರರ ಮನೆಗೆ, ಅದರಲ್ಲಿಯೂ ಜಾತಿಭ್ರಷ್ಟರೆನಿಸಿದ ಠಾಕೂರರ ಮನೆಗೆ ಮನೆಯ ಸೊಸೆ ಹೋಗಕೂಡದೆಂದು ಹಿರಿಯರ ಹಟ. ದೊಡ್ಡ ಬಾಗಿಲಿಗೆ ಅಗುಳಿ ಹಾಕಿ ಕಾವಲಿನವರು ನಿಂತಿದ್ದರು. ಗಂಡನು ಬಾಗಿಲವರೆಗೆ ಬಂದು ನಿಂತು, ಬರುವುದೋ ಬಿಡುವುದೋ ಎಂಬ ನಿರ್ಧಾರವನ್ನು ಹೆಂಡತಿಗೇ ಬಿಟ್ಟನು. ಹದಿನೈದು-ಹದಿನಾರು ವರ್ಷದ ಆ ಹೆಣ್ಣುಮಗಳು ಅತ್ತೆಮನೆಯ ನೆರಳನ್ನು ಬಿಟ್ಟು ಗಂಡನ ಹಿಂದೆ ನಡೆದಳು, ಕಾವಲಿನವರು ದಾರಿಬಿಟ್ಟರು. ಸಂಜೆಯಾಗುವುದರೊಳಗೆ ದಂಪತಿಗಳಿಗೆ ಮನೆಯ ಬಾಗಿಲು ಮುಚ್ಚಿತೆಂಬ ಪತ್ರವು ಬಂದಿತು. ಮುಂದೆ ಕೆಲವು ತಿಂಗಳು ಅವರು ಮಹರ್ಷಿಗಳ ಮನೆಯಲ್ಲಿಯೇ ಇದ್ದರು. ಕುಲಾಚಾರದಿಂದ ಆರು ವರ್ಷ ಹಿಂದೆ ನಡೆದಿದ್ದ ಮದುವೆಯು ನಿಜವಾದ ಅರ್ಥದಲ್ಲಿ ಅಂದೇ ನಡೆಯಿತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಈ ನಡುವೆ 1861 ರಲ್ಲಿ ಮಹರ್ಷಿಗಳು ತಮ್ಮ ಮಗಳು ಸುಕುಮಾರಿಯ ಮದುವೆಯನ್ನು ಹೊಸ ಪದ್ಧತಿಯಿಂದ ಮಾಡಿದ್ದರು. ಹಳೆಯ ವಿಧಿಯೊಳಗಿನ ಸಾಲಗ್ರಾಮಪೂಜೆ, ಹೋಮ ಮುಂತಾದವುಗಳನ್ನು ತೆಗೆದುಹಾಕಿ ಮಿಕ್ಕುದನ್ನು ಉಳಿಸಿಕೊಂಡ ಪದ್ಧತಿಯದು. ಮಹರ್ಷಿಗಳಿಗೆ ಅಷ್ಟು ಸಾಕಾಗಿತ್ತು. ತರುಣರಿಗೆ ಸಾಕಾಗಲಿಲ್ಲ. ಒಬ್ಬನೇ ದೇವರೆಂದ ಮೇಲೆ ಜಾತಿಯೇಕೆ, ಜಾತಿಯಿಲ್ಲವೆಂದ ಮೇಲೆ ಆಚಾರ್ಯನ ಹೆಗಲಮೇಲೆ ಜನಿವಾರವೇಕೆ, ಬೇರೆ ಬೇರೆ ಜಾತಿಯ ವಧೂವರರಿಗೆ ಮದುವೆ ಮಾಡಬಾರದೇಕೆ, ವಿಧವೆಗೆ ಮರುವಿವಾಹವೇಕೆ ಕೂಡದು ಎಂದು ಅವರು ಕೇಳತೊಡಗಿದರು. ಕೇಳಿದ್ದಷ್ಟೇ ಅಲ್ಲದೆ ಅಂಥ ಕೆಲವು ಮದುವೆಗಳನ್ನು ಮಾಡಿಯೂ ಬಿಟ್ಟರು. ಮಹರ್ಷಿಗಳು ಹಿಂಜರಿದರು. 1866 ರ ನವೆಂಬರದಲ್ಲಿ ಕೇಶವಚಂದ್ರರು ಬೇರೆಯಾಗಿ ಭಾರತವರ್ಷೀಯ ಬ್ರಹ್ಮಸಮಾಜವನ್ನು ಸ್ಥಾಪಿಸಿದರು. ಹಳೆಯದಕ್ಕೆ ಆದಿ ಬ್ರಹ್ಮಸಮಾಜವೆಂಬ ಹೆಸರು ನಿಂತಿತು.

ಇಲ್ಲಿಂದ ತೊಡಕು ಪ್ರಾರಂಭವಾಯಿತು. ಬ್ರಿಟಿಶರ ನ್ಯಾಯಾಲಯಗಳು ಹಿಂದೂಗಳ ಮದುವೆಯನ್ನು ಹಿಂದೂ ಧರ್ಮಶಾಸ್ತ್ರದಂತೆಯೂ ಮುಸಲ್ಮಾನರದನ್ನು ಅವರ ಶಾಸ್ತ್ರದಂತೆಯೂ ತೂಗಿನೋಡುತ್ತಿದ್ದವು. ಕ್ರೈಸ್ತರಿಗೆ ಬೇರೆ ಕಾಯದೆಗಳಿದ್ದವು. ಪಾರಸಿಗಳು 1865 ರಲ್ಲಿ ತಮ್ಮದೊಂದನ್ನು ಪಡೆದಿದ್ದರು. ವಿದ್ಯಾಸಾಗರರ ಪ್ರಯತ್ನದಿಂದ 1856 ರಲ್ಲಿ ಆದ ವಿಧವಾವಿವಾಹದ ಕಾಯದೆಯೂ ಹಿಂದೂ ವಿಧಿಯನ್ನೇ ಆಧಾರವಾಗಿಟ್ಟುಕೊಂಡಿತ್ತು. ಹೋಮವಿಲ್ಲದೆ, ಜಾತಿಯನ್ನು ಮೀರಿ, ಪ್ರಾರ್ಥನೆಯೊಂದರಿಂದಲೇ ನಡೆದ ಬ್ರಾಹ್ಮಮದುವೆಯು ಇವುಗಳಲ್ಲಿ ಯಾವ ಕೋಣೆಗೆ ಸೇರಬೇಕು? ಕೇಶವಚಂದ್ರರ ಸಮಾಜದವರು ಕಲಕತ್ತೆಯ ಅಡ್ವೊಕೇಟ್ ಜನರಲ್ಲರ ಅಭಿಪ್ರಾಯವನ್ನು ಕೇಳಿದರು. ಯಾವ ಕೋಣೆಗೂ ಸೇರದು, ಅಂಥ ಮದುವೆಗಳು ಕಾಯದೆಯ ದೃಷ್ಟಿಯಲ್ಲಿ ಮದುವೆಗಳೇ ಅಲ್ಲವೆಂದು ಉತ್ತರ ಬಂದಿತು. ಇದರ ಅರ್ಥವನ್ನು ವಾಚಕರು ಸ್ವಲ್ಪ ಯೋಚಿಸಿ ನೋಡಬೇಕು. ದೇವರೆದುರಿಗೆ ಕೈಹಿಡಿದ ಹೆಂಡತಿಯು ನ್ಯಾಯಾಧೀಶನೆದುರಿಗೆ ಹೆಂಡತಿಯಲ್ಲ. ಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಹಕ್ಕಿಲ್ಲ. ಗಂಡನು ಮನಸ್ಸು ಬದಲಿಸಿ ನಾಳೆ ಇನ್ನೊಬ್ಬಳನ್ನು ಕರೆತಂದರೆ ಮೊದಲಿನವಳಿಗೆ ಅನ್ನಬಟ್ಟೆಯನ್ನು ಕೇಳುವ ಆಧಾರವೂ ಇಲ್ಲ. ಸತ್ಯನಿಷ್ಠರಾಗಬೇಕೆಂದು ಹೊರಟವರು ಅದರ ಬೆಲೆಯನ್ನು ಹೆಂಗಸರ ಮೇಲೂ ಮಕ್ಕಳ ಮೇಲೂ ಹೊರಿಸಿದಂತಾಯಿತು. ಕೇಶವಚಂದ್ರರು ಕಾಯದೆಯ ಬೆನ್ನುಹತ್ತಿದ್ದು ಈ ಕಾರಣದಿಂದ. ಮದುವೆಯು ಧರ್ಮಕಾರ್ಯವೆಂಬುದನ್ನು ಅವರು ಎಂದೂ ಬಿಟ್ಟುಕೊಟ್ಟವರಲ್ಲ; ಆ ಧರ್ಮಕಾರ್ಯಕ್ಕೆ ಕೋರ್ಟಿನಲ್ಲಿ ಸಾಕ್ಷಿ ಬೇಕಾಗಿತ್ತು, ಅಷ್ಟೇ.

1868 ರಲ್ಲಿ ಅವರು ಸಿಮ್ಲೆಗೆ ಹೋಗಿ ವೈಸರಾಯ್ ಲಾರೆನ್ಸರನ್ನು ಕಂಡರು. ಕೌನ್ಸಿಲಿನ ಕಾಯದೆಮಂತ್ರಿ ಸರ್ ಹೆನ್ರಿ ಮೇಯ್ನರು ಆ ವರ್ಷದ ನವೆಂಬರದಲ್ಲಿಯೇ ಮಸೂದೆಯೊಂದನ್ನು ಮಂಡಿಸಿದರು. ಮೇಯ್ನರ ಮನಸ್ಸು ವಿಶಾಲವಾದದ್ದು. ಬ್ರಾಹ್ಮರಿಗಷ್ಟೇ ಏಕೆ, ರೂಢಿಯ ವಿಧಿಯು ಮನಸ್ಸಿಗೊಪ್ಪದ ಯಾರೇ ಆಗಲಿ, ಕ್ರೈಸ್ತರನ್ನು ಬಿಟ್ಟು, ರಜಿಸ್ಟ್ರಾರನೆದುರು ಮದುವೆಯಾಗಬಹುದೆಂದು ಅವರು ಬರೆದಿದ್ದರು. ಪ್ರಾಂತಗಳ ಸರಕಾರಗಳಿಗೆ ಅಭಿಪ್ರಾಯಕ್ಕಾಗಿ ಕಳಿಸಿದಾಗ ಹೆಚ್ಚುಕಡಿಮೆ ಎಲ್ಲ ಕಡೆಯಿಂದಲೂ ವಿರೋಧವೇ ಬಂದಿತು. ಹಿಂದೂವಾಗಿದ್ದುಕೊಂಡೇ ಹಿಂದೂ ವಿವಾಹನಿಯಮವನ್ನು ಮೀರಲು ಅವಕಾಶ ಕೊಟ್ಟರೆ ಸಮಾಜದ ಬುಡವೇ ಅಲುಗಾಡುವುದೆಂದು ಎಲ್ಲರ ಆಕ್ಷೇಪ. ಮೇಯ್ನರು 1869 ರಲ್ಲಿ ಸ್ವದೇಶಕ್ಕೆ ಹೊರಟುಹೋದರು. ಅವರ ಸ್ಥಾನಕ್ಕೆ ಫಿಟ್ಜ್‌ಜೇಮ್ಸ್ ಸ್ಟೀಫನ್ನರು ಬಂದರು.

1870 ರಲ್ಲಿ ಕೇಶವಚಂದ್ರರು ಇಂಗ್ಲೆಂಡಿಗೆ ಹೋಗಿ ಆರೇಳು ತಿಂಗಳು ಊರೂರು ತಿರುಗಿ ಭಾಷಣಮಾಡಿದರು. ವಿಕ್ಟೋರಿಯಾ ರಾಣಿಯವರನ್ನೂ ಕಂಡರು. ತಿರುಗಿಬಂದವರೇ ಒಂದು ಪೈಸೆಯ ಸುಲಭ ಸಮಾಚಾರವೆಂಬ ವಾರಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೋದ್ಯಮದವರಾದ ನಾವು ಇದನ್ನು ವಿಶೇಷ ಗೌರವದಿಂದ ನೆನೆಯಬೇಕಾಗಿದೆ. ಅಷ್ಟು ಅಗ್ಗದ ಬೆಲೆಗೆ ದುಡಿಯುವ ಜನರ ಕೈಗೆ ಪತ್ರಿಕೆಯನ್ನಿತ್ತ ಮೊದಲಿಗರಲ್ಲಿ ಅವರೊಬ್ಬರು. ಇರಲಿ. 1871 ರಲ್ಲಿ ಅವರು ವಿವಾಹದ ವಯಸ್ಸನ್ನು ಕುರಿತು ಕಲಕತ್ತೆಯ ಪ್ರಸಿದ್ಧ ವೈದ್ಯರಿಗೆ ಪತ್ರಗಳನ್ನು ಬರೆದು, ನಮ್ಮ ಹೆಣ್ಣುಮಕ್ಕಳಿಗೆ ಮದುವೆಗೆ ತಕ್ಕ ಪ್ರಾಯವು ಯಾವುದೆಂದು ಕೇಳಿದರು. ಮಹೇಂದ್ರಲಾಲ ಸರಕಾರರೇ ಮೊದಲಾದ ದೇಶೀಯ ವೈದ್ಯರೂ ಆಂಗ್ಲ ವೈದ್ಯರೂ ಉತ್ತರ ಕೊಟ್ಟರು. ಹೆಚ್ಚಿನವರು ಹದಿನಾರು ಅಥವಾ ಅದರ ಮೇಲೆಂದು ಹೇಳಿದರು. ದೇಶದ ಸ್ಥಿತಿಯನ್ನು ನೋಡಿ ಹದಿನಾಲ್ಕಕ್ಕೆ ಒಪ್ಪಬೇಕಾಯಿತು. ದಂಡಸಂಹಿತೆಯು ಹತ್ತು ವರ್ಷದ ಹುಡುಗಿಯನ್ನೇ ದಾಂಪತ್ಯಕ್ಕೆ ಯೋಗ್ಯಳೆಂದು ಎಣಿಸುತ್ತಿದ್ದ ಆ ಕಾಲದಲ್ಲಿ ಹದಿನಾಲ್ಕೆಂಬುದೇ ಒಂದು ಸಾಹಸವಾಗಿತ್ತು.

ಸ್ಟೀಫನ್ನರು ಮಸೂದೆಯನ್ನು ಕಿರಿದುಮಾಡಿ ಬ್ರಾಹ್ಮರಿಗೆ ಮಾತ್ರ ಅನ್ವಯಿಸುವಂತೆ ತಿದ್ದಿದರು. ಆಗ ವಿರೋಧವು ಯಾರೂ ಎಣಿಸದ ಕಡೆಯಿಂದ ಎದ್ದಿತು. ಆದಿ ಬ್ರಹ್ಮಸಮಾಜದವರು, ನಾವೂ ಬ್ರಾಹ್ಮರೇ, ಆದರೆ ನಾವು ಹಿಂದೂಗಳು. ನಮ್ಮ ಮದುವೆಗಳು ಹಿಂದೂ ಮದುವೆಗಳೇ. ನಮ್ಮ ಹೆಸರಿನಿಂದ ಈ ಕಾಯದೆಯು ಬೇಡವೆಂದು ಸರಕಾರಕ್ಕೆ ಅರ್ಜಿಮಾಡಿದರು. ಎರಡು ಪಕ್ಷದವರೂ ಪಂಡಿತರಿಂದ ಅಭಿಪ್ರಾಯಗಳನ್ನು ತರಿಸಿದರು. ಹೋಮವಿಲ್ಲದ ಮದುವೆಯು ಶಾಸ್ತ್ರಸಮ್ಮತವೆಂದು ಒಂದು ಗುಂಪು, ಅಲ್ಲವೆಂದು ಇನ್ನೊಂದು ಗುಂಪು. ಶಾಸ್ತ್ರಾಧಾರವನ್ನು ತೊರೆದವರೆಂದು ಹೇಳಿಕೊಂಡವರೇ, ಎದುರಾಳಿಯ ಮದುವೆಯು ಅಸಿಂಧುವೆಂದು ಸಾಧಿಸಲು ಶಾಸ್ತ್ರಿಗಳ ಮನೆಗೆ ಅಲೆದದ್ದು ಈ ಕಾಲದ ಒಂದು ವಿಚಿತ್ರ ನೋಟ.

ಈ ಜಗಳದ ಮಧ್ಯದಲ್ಲಿ ಸ್ಟೀಫನ್ನರು ಕಂಡುಹಿಡಿದ ಉಪಾಯವೇ ಮುಂದಿನ ಐವತ್ತು ವರ್ಷಗಳ ಅನರ್ಥಕ್ಕೆ ಮೂಲವಾಯಿತು. ಬ್ರಾಹ್ಮರೆಂಬ ಹೆಸರನ್ನೇ ಮಸೂದೆಯಿಂದ ತೆಗೆದುಹಾಕಿ, ಈ ಕಾಯದೆಯಂತೆ ಮದುವೆಯಾಗುವವರು ತಾವು ಕ್ರೈಸ್ತ, ಯಹೂದಿ, ಹಿಂದೂ, ಮುಸಲ್ಮಾನ, ಪಾರಸಿ, ಬೌದ್ಧ, ಸಿಖ್ಖ, ಜೈನ ಇವುಗಳಲ್ಲಿ ಯಾವ ಮತದವರೂ ಅಲ್ಲವೆಂದು ಬರೆದುಕೊಡಬೇಕೆಂದು ಅವರು ನಿಯಮಿಸಿದರು. ವೈಸರಾಯ್ ಮೇಯೋ ಅವರು 1872 ರ ಫೆಬ್ರವರಿಯಲ್ಲಿ ಅಂದಮಾನಿನಲ್ಲಿ ಕೊಲೆಯಾದರು. ಮರುತಿಂಗಳು ಮಸೂದೆಯು ಕಾಯದೆಯಾಯಿತು. ಇದೇ 1872 ರ ಮೂರನೆಯ ಕಾಯದೆ. ಗಂಡಿಗೆ ಹದಿನೆಂಟು, ಹೆಣ್ಣಿಗೆ ಹದಿನಾಲ್ಕು ತುಂಬಿರಬೇಕು. ಇಪ್ಪತ್ತೊಂದರೊಳಗಿನವರಿಗೆ ತಂದೆಯ ಅಥವಾ ಪಾಲಕರ ಒಪ್ಪಿಗೆ ಬೇಕು. ಇಬ್ಬರಿಗೂ ಜೀವಂತ ಗಂಡನಾಗಲಿ ಹೆಂಡತಿಯಾಗಲಿ ಇರಕೂಡದು. ಹದಿನಾಲ್ಕು ದಿನ ಮುಂಚಿತವಾಗಿ ನೋಟೀಸು ಕೊಡಬೇಕು. ರಜಿಸ್ಟ್ರಾರನೂ ಮೂವರು ಸಾಕ್ಷಿಗಳೂ ಕೇಳುವಂತೆ ಒಬ್ಬರನ್ನೊಬ್ಬರು ವಿಧ್ಯುಕ್ತ ಪತಿಪತ್ನಿಯರೆಂದು ಸ್ವೀಕರಿಸಬೇಕು. ಇದರ ಹಿಂದುಮುಂದು ಪ್ರಾರ್ಥನೆಯನ್ನಾಗಲಿ ಮಂತ್ರವನ್ನಾಗಲಿ ಯಾವುದನ್ನು ಬೇಕಾದರೂ ಇಟ್ಟುಕೊಳ್ಳಬಹುದು. ಏಕಪತ್ನೀವ್ರತವನ್ನು, ಕನಿಷ್ಠ ವಯಸ್ಸನ್ನು, ಜಾತಿಯ ಹಂಗಿಲ್ಲದ ವಿವಾಹವನ್ನು ಒಂದೇ ಕಾಗದದಲ್ಲಿ ಕೂಡಿಸಿಕೊಟ್ಟ ಕಾಯದೆಯು ಈ ದೇಶದಲ್ಲಿ ಅದಕ್ಕೆ ಮೊದಲು ಇರಲಿಲ್ಲ.

ಆದರೆ ಆ ಘೋಷಣೆಯ ಮಾತು? ಇಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚಿಡುವ ಕಾರಣವಿಲ್ಲ. ವಧೂವರರ ವಯಸ್ಸೇನು, ಮನಸ್ಸಿದೆಯೇ, ಮೊದಲು ಮದುವೆಯಾಗಿದೆಯೇ ಎಂದು ಕೇಳುವುದು ರಾಜ್ಯದ ಅಧಿಕಾರ. ನಿನ್ನ ದೇವರು ಯಾರು, ನೀನು ಯಾವ ಮತವನ್ನು ಬಿಟ್ಟೆ ಎಂದು ಕೇಳುವ ಅಧಿಕಾರವು ರಾಜ್ಯಕ್ಕಿಲ್ಲ, ಅದರಲ್ಲಿಯೂ ಪರದೇಶೀಯರ ರಾಜ್ಯಕ್ಕೆ ಮೊದಲೇ ಇಲ್ಲ. ಉಪನಿಷತ್ತುಗಳನ್ನು ಪಠಿಸುತ್ತ ಬೆಳೆದ ತರುಣನು ಬೇರೆ ಜಾತಿಯ ಕನ್ಯೆಯನ್ನು ಮದುವೆಯಾಗಬೇಕಾದರೆ ತಾನು ಹಿಂದೂವಲ್ಲವೆಂದು ಸರಕಾರಿ ಕಾಗದದ ಮೇಲೆ ರುಜುಮಾಡಬೇಕು! ಕೇಶವಚಂದ್ರರು ಇದಕ್ಕೊಪ್ಪಿದರು, ತಮ್ಮ ಧರ್ಮವು ಸಂಕುಚಿತ ಅರ್ಥದ ಹಿಂದೂಮತಕ್ಕಿಂತ ವಿಶಾಲವಾದುದೆಂಬುದು ಅವರ ಸಮಾಧಾನ. ಅದೇ ವರ್ಷ ಆದಿ ಸಮಾಜದ ರಾಜನಾರಾಯಣ ಬಸುಗಳು ಹಿಂದೂಧರ್ಮದ ಶ್ರೇಷ್ಠತೆಯನ್ನು ಕುರಿತು ಕೊಟ್ಟ ಉಪನ್ಯಾಸವು ಬಂಗಾಲವನ್ನೆಲ್ಲ ಅಲುಗಾಡಿಸಿತು. ಸಮಾಜವನ್ನು ತಿದ್ದಹೊರಟವರು ಸಮಾಜದ ಹೊರಗೆ ನಿಂತಂತಾಯಿತೆಂಬ ಕೊರಗು ಅಂದಿನಿಂದ ಹುಟ್ಟಿತು.

ಬ್ರಹ್ಮಸಮಾಜದ ಈ ಅಲೆಯು ನಮ್ಮ ಕರಾವಳಿಯನ್ನೂ ಮುಟ್ಟಿತ್ತು. 1870 ರಲ್ಲಿ ಉಳ್ಳಾಲ ರಘುನಾಥಯ್ಯನವರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜವು ನೆಲೆಗೊಂಡಿತು. ದಲಿತರ ಸೇವೆಗಾಗಿ ಪ್ರಾಣವನ್ನೇ ಸವೆಸಿದ ಕುದ್ಮುಲ್ ರಂಗರಾಯರು ಆ ಸಮಾಜದ ಬೆಳಕಿನಲ್ಲಿ ಬೆಳೆದವರು. ಅವರ ಮಗಳು ರಾಧಾಬಾಯಿಯವರು 1912 ರಲ್ಲಿ ಜಾತಿಯನ್ನೂ ಭಾಷೆಯನ್ನೂ ಮೀರಿ ತಮಿಳುನಾಡಿನ ಸುಬ್ಬರಾಯನ್ ಅವರ ಕೈಹಿಡಿದರು. ಕೇಶವಚಂದ್ರರ ಹೆಸರು ಆ ಮನೆಗಳಲ್ಲಿ ಪರದೇಶದ ಹೆಸರಾಗಿರಲಿಲ್ಲ.

ಇನ್ನು ಆ ದುಃಖದ ಪ್ರಕರಣಕ್ಕೆ ಬರೋಣ. ಬಂಗಾಲದ ಉತ್ತರಕ್ಕೆ ಕೂಚ್‌ಬಿಹಾರವೆಂಬ ಸಂಸ್ಥಾನವಿತ್ತು. ಅದರ ರಾಜ ನೃಪೇಂದ್ರನಾರಾಯಣನು ಹತ್ತು ತಿಂಗಳ ಕೂಸಾಗಿದ್ದಾಗಲೇ ಪಟ್ಟಕ್ಕೆ ಬಂದುದರಿಂದ ಬ್ರಿಟಿಶ್ ಸರಕಾರವೇ ಅವನ ಪಾಲಕನಾಗಿತ್ತು. ಹುಡುಗನನ್ನು ವಿದ್ಯಾಭ್ಯಾಸಕ್ಕೆಂದು ಇಂಗ್ಲೆಂಡಿಗೆ ಕಳಿಸಬೇಕೆಂದು ಸರಕಾರದ ಆಶೆ; ಮದುವೆಯಿಲ್ಲದೆ ಕಳಿಸಕೂಡದೆಂದು ಅರಮನೆಯ ಹೆಂಗಸರ ಹಟ. ಬಹುಪತ್ನಿತ್ವವು ರೂಢಿಯಾಗಿದ್ದ ಆ ಮನೆಗೆ ವಿದ್ಯಾವತಿಯಾದ ಒಬ್ಬಳೇ ರಾಣಿ ಬಂದರೆ ಸಂಸ್ಥಾನವೇ ಸುಧಾರಿಸುವುದೆಂದು ಅಧಿಕಾರಿಗಳು ಲೆಕ್ಕಹಾಕಿ, ಕೇಶವಚಂದ್ರರ ಹಿರಿಯ ಮಗಳು ಸುನೀತಿಯನ್ನು ಕೇಳಿದರು. ಮೊದಲು 1877 ರಲ್ಲಿ ಮಾತು ಬಂದಾಗ ವಯಸ್ಸಿನ ತೊಡಕಿನಿಂದ ಅದು ಮುಂದುವರಿಯಲಿಲ್ಲ. 1878 ರ ಜನವರಿಯಲ್ಲಿ ಮತ್ತೆ ಕೇಳಿಕೆಯು ಬಂದಿತು. ಮದುವೆಯು ಹೆಸರಿಗೆ ಮಾತ್ರ, ನಿಶ್ಚಿತಾರ್ಥದಂತೆ. ವರನು ಇಂಗ್ಲೆಂಡಿನಿಂದ ತಿರುಗಿ ಬರುವ ತನಕ ದಂಪತಿಗಳು ಬೇರೆಯಾಗಿಯೇ ಇರುವರು. ವಿಧಿಯಲ್ಲಿ ವಿಗ್ರಹಾರಾಧನೆಯ ಭಾಗವಿರುವುದಿಲ್ಲ ಎಂಬ ಭರವಸೆಗಳು ದೊರೆತವು. ಕೇಶವಚಂದ್ರರು ಒಪ್ಪಿದರು.

ಸುನೀತಿಯು ಹುಟ್ಟಿದ್ದು 1864 ರ ಸಪ್ಟಂಬರ 30 ರಂದು. ನೃಪೇಂದ್ರನು ಹುಟ್ಟಿದ್ದು 1862 ರ ಅಕ್ಟೋಬರ 4 ರಂದು. ಮದುವೆಯು ಗೊತ್ತಾದದ್ದು 1878 ರ ಮಾರ್ಚ 6 ಕ್ಕೆ. ಕಾಯದೆಯ ಪ್ರಕಾರ ವಧುವಿಗೆ ಸುಮಾರು ಏಳು ತಿಂಗಳೂ ವರನಿಗೆ ಎರಡೂವರೆ ವರ್ಷವೂ ಕಡಿಮೆಯಿತ್ತು. ಕೂಚ್‌ಬಿಹಾರವು ದೇಶೀಯ ಸಂಸ್ಥಾನವಾದದ್ದರಿಂದ 1872 ರ ಕಾಯದೆಯು ಅಲ್ಲಿ ನಡೆಯುತ್ತಿರಲಿಲ್ಲ, ಆದ್ದರಿಂದ ಕಾಯದೆಭಂಗವಾಗಲಿಲ್ಲವೆಂದು ಹೇಳುವವರಿದ್ದರು. ವಕೀಲನ ಬಾಯಲ್ಲಿ ಈ ಮಾತು ಒಪ್ಪಬಹುದು; ಆ ವಯಸ್ಸಿಗಾಗಿ ವೈದ್ಯರ ಮನೆಗೆ ಪತ್ರ ಬರೆದವರ ಪಕ್ಷದಲ್ಲಿ ಒಪ್ಪುವುದಿಲ್ಲ. ಬ್ರಿಟಿಶರ ಗಡಿಯಾಚೆಗೆ ಸುಧಾರಣೆಯೇ ಇರಕೂಡದೆಂಬ ನಿಯಮವೇನಿದೆ? ಮೈಸೂರು ಸಂಸ್ಥಾನವು 1894 ರಲ್ಲಿ ತಾನಾಗಿಯೇ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಲಿಲ್ಲವೇ?

ಫೆಬ್ರವರಿಯ ಕೊನೆಯಲ್ಲಿ ವಧುವಿನ ಪರಿವಾರವು ಕೂಚ್‌ಬಿಹಾರಕ್ಕೆ ಹೊರಟಿತು. ಅಲ್ಲಿ ಮುಟ್ಟಿದ ಮೇಲೆ ಭರವಸೆಗಳು ಒಂದೊಂದಾಗಿ ಸಡಿಲಾದವು. ಅರಮನೆಯ ಪುರೋಹಿತರು ಕುಲಾಚಾರದ ವಿಧಿಯೇ ಬೇಕೆಂದರು. ಹೋಮವಿಲ್ಲದೆ ಮದುವೆಯಾದರೆ ನಾಳೆ ಹುಟ್ಟುವ ಮಗನ ಪಟ್ಟಕ್ಕೆ ಆತಂಕ ಬರುವುದೆಂದು ಅವರ ವಾದ. ಸಮುದ್ರ ದಾಟಿ ಜಾತಿಯನ್ನು ಬಿಟ್ಟ ಕೇಶವಚಂದ್ರರು ಕನ್ಯಾದಾನಕ್ಕೆ ಅರ್ಹರಲ್ಲವೆಂದರು. ರಾತ್ರಿಯೆಲ್ಲ ಮಾತುಕತೆ ನಡೆಯಿತು. ಮುಹೂರ್ತವು ಹತ್ತಿರವಾಗುತ್ತಿತ್ತು, ಹಿಂದಿರುಗಿ ಹೋಗುವುದೆಂದರೆ ಮಗಳ ಮಾನವನ್ನು ಬೀದಿಗಿಟ್ಟಂತೆ. ಕಡೆಗೆ ಕೇಶವಚಂದ್ರರ ತಮ್ಮ ಕೃಷ್ಣಬಿಹಾರಿ ಸೇನರು ಕನ್ಯಾದಾನ ಮಾಡಿದರು. ವಧುವು ಒಳಗೆ ಹೋದ ಮೇಲೆ ವರನೆದುರಿಗೆ ಹೋಮವು ನಡೆಯಿತು. ವಿಗ್ರಹಚಿಹ್ನೆಗಳು ಮಂಟಪದಲ್ಲಿದ್ದವೋ ಇಲ್ಲವೋ ಎಂದು ಎರಡು ಪಕ್ಷದವರೂ ಮುಂದೆ ಬಹುಕಾಲ ಕಾದಾಡಿದರು. ರಜಿಸ್ಟ್ರಾರನಂತೂ ಅಲ್ಲಿರಲಿಲ್ಲ.

ಕಾಯದೆ ಮಾಡಿದ ಸರಕಾರವೂ ಆ ಕಾಯದೆಯ ಕರ್ತೃವನ್ನು ಅದರಿಂದ ಹೊರಗೆಳೆದ ಸರಕಾರವೂ ಒಂದೇ ಆಗಿತ್ತೆಂಬುದನ್ನು ವಾಚಕರು ಮರೆಯಬಾರದು. ರಾಜಕಾರಣಕ್ಕೆ ಬೇಕಾದಾಗ ಹದಿನಾಲ್ಕು ವರ್ಷವು ಧರ್ಮವಾಯಿತು, ಬೇಡವಾದಾಗ ಕಾಗದವಾಯಿತು. ಆದರೆ ತಪ್ಪನ್ನೆಲ್ಲ ದೊರೆಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೇಶವಚಂದ್ರರ ಸಮರ್ಥನೆಯು ಮುಖ್ಯವಾಗಿ ಒಂದೇ: ಇದು ತಮಗೆ ದೊರೆತ ಭಗವಂತನ ಆದೇಶ. ವಿವಾಹವನ್ನು ಕೇವಲ ಧರ್ಮದ ಕೈಗೆ ಬಿಡುವುದರ ಅಪಾಯವು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪುರೋಹಿತನು ಮುಹೂರ್ತವನ್ನು ತೋರಿಸಿ ಮಾಡಿಸುವುದನ್ನು ಆಚಾರ್ಯನು ಆದೇಶವನ್ನು ತೋರಿಸಿ ಮಾಡಿದನು. ಎರಡಕ್ಕೂ ಎದುರುತ್ತರ ಕೊಡುವ ಮಾರ್ಗವು ಹದಿಮೂರು ವರ್ಷದ ಹುಡುಗಿಗಿಲ್ಲ. ಕೇಶವಚಂದ್ರರು ಕಪಟಿಗಳಾಗಿದ್ದರೆಂದು ನಾವು ನಂಬುವುದಿಲ್ಲ. ಅವರ ಪ್ರಾಮಾಣಿಕತೆಯೇ ಈ ಪ್ರಕರಣದ ಭಯಂಕರವಾದ ಅಂಶ.

ಅವರ ಶಿಷ್ಯರು ಕೈಯಲ್ಲಿ ಹಿಡಿದ ಆಯುಧವು ಗುರುವೇ ಕೊಟ್ಟದ್ದಾಗಿತ್ತು. ಶಿವನಾಥ ಶಾಸ್ತ್ರಿ, ಆನಂದಮೋಹನ ಬಸು, ದುರ್ಗಾಮೋಹನ ದಾಸ, ದ್ವಾರಕಾನಾಥ ಗಂಗೂಲಿ ಮೊದಲಾದವರು ಮದುವೆಗೆ ಮುಂಚೆಯೇ ಪ್ರತಿಭಟನೆಯ ಪತ್ರವನ್ನು ಬರೆದರು. ಅದಕ್ಕೆ ಮನ್ನಣೆ ದೊರೆಯಲಿಲ್ಲ. ಮದುವೆಯ ನಂತರ ಮಂದಿರದ ಪೀಠಕ್ಕಾಗಿ ನಡೆದ ಜಗಳವು ಪೋಲೀಸರು ಬರುವ ತನಕ ಹೋಯಿತು. ಅದನ್ನು ವಿಸ್ತರಿಸಿ ಹೇಳಲು ನಮಗೆ ಮನಸ್ಸಿಲ್ಲ. 1878 ರ ಮೇ 15 ರಂದು ಕಲಕತ್ತೆಯ ಟೌನ್ ಹಾಲಿನಲ್ಲಿ ಸಭೆ ಸೇರಿ ಅವರು ಸಾಧಾರಣ ಬ್ರಹ್ಮಸಮಾಜವನ್ನು ಸ್ಥಾಪಿಸಿದರು. ಒಬ್ಬ ಮಹಾಪುರುಷನ ಆದೇಶದಿಂದ ನಡೆಯದೆ ಸದಸ್ಯರ ಮತದಿಂದ ನಡೆಯುವ ನಿಬಂಧನೆಗಳನ್ನು ಮಾಡಿಕೊಂಡರು. ಶಿವನಾಥ ಶಾಸ್ತ್ರಿಗಳ ಸುತ್ತಲಿನ ತರುಣರ ಚಿಕ್ಕ ಕೂಟದಲ್ಲಿ ಬಿಪಿನಚಂದ್ರ ಪಾಲರೂ ಇದ್ದರು. ಬಾಲ್ಯವಿವಾಹವನ್ನು ಮಾಡೆವು, ಪರಸರಕಾರದ ಚಾಕರಿಯನ್ನೂ ಮಾಡೆವು ಎಂದು ಆ ಕೂಟದವರು ಪ್ರತಿಜ್ಞೆ ಮಾಡಿದ್ದರು. ಮನೆಯ ಸ್ವಾತಂತ್ರ್ಯವೂ ದೇಶದ ಸ್ವಾತಂತ್ರ್ಯವೂ ಅವರಿಗೆ ಒಂದೇ ಪ್ರತಿಜ್ಞೆಯಲ್ಲಿ ಹಿಡಿಸಿದವು.

ಮುಂದಿನ ಕೇಶವಚಂದ್ರರ ಚರಿತ್ರೆಯನ್ನು ಬೇಗನೆ ಹೇಳಬಹುದು. ದಕ್ಷಿಣೇಶ್ವರದ ರಾಮಕೃಷ್ಣ ಪರಮಹಂಸರ ಸಹವಾಸವು 1875 ರಿಂದ ನಡೆದಿತ್ತು. ಅದು ಅವರ ಭಕ್ತಿಯನ್ನು ಹಣ್ಣಾಗಿಸಿತು. 1881 ರಲ್ಲಿ ಸರ್ವಮತಗಳ ಸಾರವನ್ನು ಕೂಡಿಸಿದ ನವವಿಧಾನವನ್ನು ಸಾರಿದರು. ಗೃಹಸ್ಥರಿಗಾಗಿ ನವಸಂಹಿತೆಯೆಂಬ ಹೊಸ ಸ್ಮೃತಿಯನ್ನೇ ಬರೆಯಲು ತೊಡಗಿ, ಮದುವೆ ಮೊದಲಾದ ಸಂಸ್ಕಾರಗಳಿಗೆ ವಿಧಿಗಳನ್ನು ರಚಿಸಿದರು. ಕಾಯದೆಯಿಂದ ಪ್ರಾರಂಭಿಸಿದವರು ಕೊನೆಗೆ ಸಂಹಿತೆಗೆ ತಿರುಗಿಬಂದರು. 1884 ರ ಜನವರಿ 8 ರಂದು, ನಾಲ್ವತ್ತೈದನೆಯ ವಯಸ್ಸಿನಲ್ಲಿ, ದೇಹಬಿಟ್ಟರು.

ಅವರು ಪಡೆದ ಕಾಯದೆಯು ಅವರಿಗಿಂತ ದೀರ್ಘಾಯುವಾಯಿತು. ಹಿಂದೂವಲ್ಲವೆಂಬ ಘೋಷಣೆಯನ್ನು ತೆಗೆದುಹಾಕಬೇಕೆಂದು 1911 ರಲ್ಲಿ ಭೂಪೇಂದ್ರನಾಥ ಬಸುಗಳು ತಂದ ಮಸೂದೆಯು ಬಿದ್ದುಹೋಯಿತು. ಅಂತರ್ಜಾತೀಯ ವಿವಾಹಗಳಿಗಾಗಿ 1918 ರಲ್ಲಿ ವಿಠ್ಠಲಭಾಯಿ ಪಟೇಲರು ತಂದುದೂ ದಡ ಸೇರಲಿಲ್ಲ. 1923 ರಲ್ಲಿ ಹರಿಸಿಂಗ ಗೌರರ ತಿದ್ದುಪಡಿಯಿಂದ ಹಿಂದೂ, ಬೌದ್ಧ, ಸಿಖ್ಖ, ಜೈನರು ಮತವನ್ನು ನಿರಾಕರಿಸದೆಯೇ ತಮ್ಮತಮ್ಮೊಳಗೆ ರಜಿಸ್ಟ್ರಾರನೆದುರು ಮದುವೆಯಾಗುವಂತಾಯಿತು. ಆದರೂ ಹಾಗೆ ಮದುವೆಯಾದವನು ಅವಿಭಕ್ತ ಕುಟುಂಬದಿಂದ ಬೇರೆಯಾದನೆಂದು ಎಣಿಸಲ್ಪಡುತ್ತಿದ್ದನು. ಕೇಶವಚಂದ್ರರು ಕೂಚ್‌ಬಿಹಾರದಲ್ಲಿ ಬಿಟ್ಟುಕೊಟ್ಟ ಹದಿನಾಲ್ಕು ಮತ್ತು ಹದಿನೆಂಟೆಂಬ ವಯಸ್ಸುಗಳೇ 1929 ರ ಶಾರದಾ ಕಾಯದೆಯಲ್ಲಿ ಬ್ರಿಟಿಶ್ ಹಿಂದುಸ್ಥಾನದ ಎಲ್ಲ ಮತದವರಿಗೂ ಅನ್ವಯಿಸಿದವು. ದಕ್ಷಿಣ ಕನ್ನಡದ ಬೆನಗಲ್ ನರಸಿಂಗರಾಯರ ಅಧ್ಯಕ್ಷತೆಯ ಸಮಿತಿಯು ಸಿದ್ಧಪಡಿಸಿದ ಹಿಂದೂ ಸಂಹಿತೆಯ ಕರಡಿನಲ್ಲಿ ಸಂಸ್ಕಾರವಿವಾಹ, ನಾಗರಿಕ ವಿವಾಹ ಎಂಬ ಎರಡು ಬಾಗಿಲುಗಳನ್ನೂ ಒಂದೇ ಮನೆಗಿಡಲಾಗಿತ್ತು. ಸ್ವತಂತ್ರ ಭಾರತದ 1954 ರ ವಿಶೇಷ ವಿವಾಹದ ಕಾಯದೆಯು 1872 ರದನ್ನು ರದ್ದುಪಡಿಸಿ, ಯಾವ ಮತದವರಾದರೂ ಮತವನ್ನು ಬಿಡದೆ ಮದುವೆಯಾಗಬಹುದೆಂದು ಸಾರಿತು. ಮೇಯ್ನರ ಮೊದಲ ಮಸೂದೆಯ ಆಶಯವು ಎಂಬತ್ತಾರು ವರ್ಷಗಳ ಮೇಲೆ ಹೀಗೆ ಕೈಗೂಡಿತು. ಹದಿನಾಲ್ಕು ದಿನಗಳ ನೋಟೀಸು ಮಾತ್ರ ಮೂವತ್ತು ದಿನಗಳಿಗೆ ಬೆಳೆಯಿತು. ಬೇರೆ ಜಾತಿಯ ಅಥವಾ ಮತದ ಸಂಗಾತಿಯನ್ನು ಆರಿಸಿಕೊಂಡ ತರುಣತರುಣಿಯರು ಆ ಮೂವತ್ತು ದಿನಗಳನ್ನು ಎಂಥ ಭಯದಲ್ಲಿ ಕಳೆಯಬೇಕಾಗುತ್ತದೆಂಬುದನ್ನು ರಜಿಸ್ಟ್ರಾರರ ಕಚೇರಿಯ ಹಲಗೆಯನ್ನು ನೋಡಿದ ಅಧಿಕಾರಿಗಳು ಬಲ್ಲರು.

ಸುನೀತಿದೇವಿಯ ದಾಂಪತ್ಯವು ಹಸನಾಗಿಯೇ ನಡೆಯಿತು. ನೃಪೇಂದ್ರನಾರಾಯಣನು ಇನ್ನೊಂದು ಮದುವೆಯಾಗಲಿಲ್ಲ. ಅವನಿಗೆ ವಯಸ್ಸು ತುಂಬಿದ ಬಳಿಕ 1880 ರಲ್ಲಿ ಕಲಕತ್ತೆಯ ಬ್ರಹ್ಮಮಂದಿರದಲ್ಲಿ ಪ್ರಾರ್ಥನಾಪೂರ್ವಕವಾದ ವಿಧಿಯಿಂದ ಆ ವಿವಾಹವನ್ನು ಪೂರ್ಣಗೊಳಿಸಿದ್ದರು. ಮಾರ್ಚ 6 ರ ಆ ರಾತ್ರಿಯನ್ನು ಕುರಿತು ಗುರುಗಳು, ಶಿಷ್ಯರು, ಪುರೋಹಿತರು, ಅಧಿಕಾರಿಗಳು ಎಲ್ಲರೂ ತಮ್ಮ ತಮ್ಮ ವಿವರಣೆಗಳನ್ನು ಕೊಟ್ಟಾಗಿತ್ತು. ನಾಲ್ವತ್ತಮೂರು ವರ್ಷಗಳ ಮೇಲೆ, 1921 ರಲ್ಲಿ, ವಿಧವೆಯಾಗಿದ್ದ ಮಹಾರಾಣಿಯು ತನ್ನ ಆತ್ಮಚರಿತ್ರೆಯನ್ನು ಲಂಡನ್ನಿನಲ್ಲಿ ಪ್ರಕಟಿಸಿ, ಅದರಲ್ಲಿ ತನ್ನ ಮದುವೆಯ ಕಥೆಯನ್ನು ತಾನೇ ಹೇಳಿದಳು. ತಂದೆಯ ಪಕ್ಷವನ್ನೇ ಹಿಡಿದಳು.